ಮಂಥರೆಯ ಮುಖ

ರಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ ಬರುತ್ತಿದ್ದ 1987ರ ಭಾನುವಾರಗಳಲ್ಲಿ ನಮ್ಮ ಓಣಿಗೆಲ್ಲ ಇದ್ದುದು ಒಂದೇ ಟೆಲಿವಿಷನ್. ಮಂಥರೆ ತೆರೆಯ ಮೇಲೆ ಬಂದೊಡನೆ ನಮ್ಮ ಅಜ್ಜಿ ನೆಟಿಕೆ ಮುರಿದು ಶಪಿಸುತ್ತಿದ್ದರು. ನಾನೋ, ಆ ಕಿರಿದಾದ ಎಡಗಣ್ಣಿಗೆ ಹೆದರಿ ಅವರ ಸೆರಗಿನಲ್ಲಿ ಮುಖ ಮರೆಸುತ್ತಿದ್ದೆ. ಅದು ಬಣ್ಣಗಾರನ ಕೈಚಳಕವೆಂದೇ ನನ್ನ ನಂಬಿಕೆಯಾಗಿತ್ತು. ಅದು ಲಲಿತಾ ಪವಾರರ ಸ್ವಂತ ಕಣ್ಣೆಂದು ತಿಳಿದುದು ಬಹಳ ವರ್ಷಗಳ ಮೇಲೆ.

ನಾಸಿಕ ಜಿಲ್ಲೆಯ ಯೇವಲೆಯಲ್ಲಿ 1916ರಲ್ಲಿ ಹುಟ್ಟಿದ ಅಂಬಾ ಎಂಬ ಹುಡುಗಿ ಮೂಕಿಚಿತ್ರಗಳ ಕಾಲದಲ್ಲಿಯೇ ಚಿತ್ರರಂಗವನ್ನು ಹೊಕ್ಕಳು. ಲಲಿತಾ ಎಂಬುದು ಅನಂತರ ಬಂದ ಹೆಸರು. ನಾಯಕಿಯಾಗಿ ಕೀರ್ತಿ ಪಡೆದ ಆಕೆ 1938ರಲ್ಲಿ ‘ದುನಿಯಾ ಕ್ಯಾ ಹೈ’ ಎಂಬ ವಾಕ್ಚಿತ್ರವನ್ನು ತಾವೇ ನಿರ್ಮಿಸಿದರು. 1942ರಲ್ಲಿ ಒಂದು ಚಿತ್ರದ ಸನ್ನಿವೇಶಕ್ಕಾಗಿ ಸಹನಟ ಭಗವಾನ್ ಆಕೆಯ ಕೆನ್ನೆಗೆ ಹೊಡೆಯಬೇಕಾಗಿತ್ತು. ಏಟು ಅಳತೆ ಮೀರಿತು. ಮುಖದ ಒಂದು ಪಾರ್ಶ್ವಕ್ಕೆ ವಾಯು ಬಡಿಯಿತು. ದೀರ್ಘ ಚಿಕಿತ್ಸೆಯ ಬಳಿಕವೂ ಎಡಗಣ್ಣು ಮೊದಲಿನಂತಾಗಲಿಲ್ಲ. ಇಪ್ಪತ್ತಾರರ ಹರೆಯದಲ್ಲಿ ನಾಯಕಿಯ ಪಾತ್ರಗಳ ಬಾಗಿಲು ಮುಚ್ಚಿತು.

ಉಳಿದುದು ಅತ್ತೆಯರ, ಕುಟಿಲೆಯರ ಪಾತ್ರ. 1944ರ ‘ರಾಮಶಾಸ್ತ್ರಿ’ಯಲ್ಲಿ ಆಕೆ ಪೇಶ್ವೆಯರ ಮನೆಯ ಆನಂದಿಬಾಯಿ; 1950ರಲ್ಲಿ ಶಾಂತಾರಾಮರ ‘ದಹೇಜ್’ನಲ್ಲಿ ಸೊಸೆಯನ್ನು ಕಾಡುವ ಅತ್ತೆ. ಜನ ಆ ಕಣ್ಣನ್ನೇ ಕೇಡಿನ ಗುರುತಾಗಿ ಓದಿದರು. ನಾನೂ ಓದಿದ್ದೆನಲ್ಲ!

ಆದರೆ 1955ರ ‘ಶ್ರೀ 420’ನ್ನು ನೋಡಿರಿ. ಬಾಳೆಹಣ್ಣು ಮಾರುವ ಗಂಗಾಮಾಯಿ ಹಳ್ಳಿಯಿಂದ ಬಂದ ತರುಣನಿಗೆ ತಾಯಾಗುತ್ತಾಳೆ. ಆ ತರುಣನಾದ ರಾಜಕಪೂರರಿಗಿಂತ ಲಲಿತಾ ಹಿರಿಯರಾಗಿದ್ದುದು ಎಂಟೇ ವರ್ಷ. ಅದಕ್ಕೂ ಮಿಗಿಲಾದುದು 1959ರ ‘ಅನಾಡಿ’. ಅಲ್ಲಿಯ ಮಿಸೆಸ್ ಡೀಸಾ ಬಾಡಿಗೆಗಿರುವ ಹುಡುಗನನ್ನು ಬಾಯಿತುಂಬ ಬಯ್ಯುತ್ತಾಳೆ, ಒಳಗೊಳಗೇ ಮಗನೆಂದು ಪೊರೆಯುತ್ತಾಳೆ. ಬಯ್ಗುಳ ಬಾಯಲ್ಲಿ, ಅಕ್ಕರೆ ಆ ಕುಗ್ಗಿದ ಕಣ್ಣಲ್ಲಿ! ಅತ್ಯುತ್ತಮ ಪೋಷಕ ನಟಿಯೆಂಬ ಫಿಲ್ಮ್‌ಫೇರ್ ಪ್ರಶಸ್ತಿ ಈ ಪಾತ್ರಕ್ಕೆ ಸಂದಿತು. 1961ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಮನ್ನಣೆಯೂ ದೊರೆಯಿತು.

ಕುವೆಂಪು ಅವರ ಮಹಾಕಾವ್ಯದ ಮಂಥರೆಯನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೆ ಲಲಿತಾ ಪವಾರರ ನೆನಪಾಗುತ್ತದೆ. ಕವಿ ಆ ಕುಬ್ಜೆಯಲ್ಲಿ ಮಮತೆಯನ್ನು ಕಂಡರು. ನಾವೋ, ಟೆಲಿವಿಷನ್ನಿನ ಮುಂದೆ ಕುಳಿತು ಬೆನ್ನನ್ನೂ ಕಣ್ಣನ್ನೂ ಮಾತ್ರ ಕಂಡಿದ್ದೆವು.

ಲಲಿತಾ ಪವಾರ್ 1998ರ ಫೆಬ್ರವರಿ 24ರಂದು ಪುಣೆಯಲ್ಲಿ ತೀರಿಕೊಂಡರು. ನಾನಾಗ ಕಾಲೇಜು ವಿದ್ಯಾರ್ಥಿ. ಸುದ್ದಿ ಹೇಳಿದಾಗ ಅಜ್ಜಿಗೆ ಹೆಸರಿನಿಂದ ಯಾರೆಂದು ತಿಳಿಯಲಿಲ್ಲ. ಮಂಥರೆ ಎಂದೆ. ಅವರು ಅಂದು ನೆಟಿಕೆ ಮುರಿಯಲಿಲ್ಲ. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದರು.