ಬಾಲಚುಕ್ಕಿಯ ಮರುಪಯಣವನ್ನು ಲೆಕ್ಕ ಹಾಕಿದ ಎಡ್ಮಂಡ್ ಹ್ಯಾಲಿ

ನೆಪ್ಚೂನ್ ಗ್ರಹದ ಕಕ್ಷೆಯಿಂದಲೂ ಆಚೆ, ಸೂರ್ಯನ ಬೆಳಕು ತೀರಾ ಕ್ಷೀಣವಾಗಿ ತಲುಪುವ ಕತ್ತಲಿನಲ್ಲಿ, 2023ರ ಡಿಸೆಂಬರ್ ತಿಂಗಳಲ್ಲಿ ಹಿಮ ಮತ್ತು ಧೂಳಿನ ಒಂದು ಗುಡ್ಡ ತನ್ನ ದಾರಿಯ ಕೊನೆಯ ತಿರುವನ್ನು ದಾಟಿ ಮತ್ತೆ ಸೂರ್ಯನತ್ತ ಮುಖ ಮಾಡಿತು. ಅದೇ ಹ್ಯಾಲಿ ಧೂಮಕೇತು. 2061ರ ಜುಲೈ ಕೊನೆಯಲ್ಲಿ ಅದು ಸೂರ್ಯನ ಸನಿಹದಲ್ಲಿರುತ್ತದೆ ಎಂದು ಇಂದೇ ಖಚಿತವಾಗಿ ಹೇಳಬಹುದು. ಒಂದು ಧೂಮಕೇತುವಿನ ಬಗ್ಗೆ ಇಂತಹ ಮಾತನ್ನು ಲೆಕ್ಕದ ಆಧಾರದ ಮೇಲೆ ಮೊದಲು ಹೇಳಿದವನು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ. ಆ ಮಾತು ನಿಜವಾಗುವುದನ್ನು ಕಾಣಲು ಮಾತ್ರ ಅವನು ಬದುಕಿರಲಿಲ್ಲ.

ದಕ್ಷಿಣದ ನಕ್ಷತ್ರಗಳು

ಹ್ಯಾಲಿ ಹುಟ್ಟಿದ್ದು 1656ರಲ್ಲಿ, ಲಂಡನ್ ಸಮೀಪದ ಹ್ಯಾಗರ್‌ಸ್ಟನ್‌ನಲ್ಲಿ. ತಂದೆ ಸಾಬೂನು ತಯಾರಿಕೆಯಲ್ಲಿ ಹಣ ಗಳಿಸಿದ್ದ ವರ್ತಕ. ಮಗನ ಆಕಾಶದ ಹುಚ್ಚಿಗೆ ಆತ ಅಡ್ಡಿಯಾಗಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಹ್ಯಾಲಿ 1676ರಲ್ಲಿ ಪದವಿ ಪೂರೈಸುವ ಮೊದಲೇ ಹಡಗು ಹತ್ತಿ ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪಕ್ಕೆ ತೆರಳಿದ. ಆಗ ಅವನಿಗೆ 20 ವರ್ಷ. ಯೂರೋಪಿನಿಂದ ಕಾಣದ ದಕ್ಷಿಣಾಕಾಶದ 341 ನಕ್ಷತ್ರಗಳ ಸ್ಥಾನವನ್ನು ಅಳೆದು ಪಟ್ಟಿ ಮಾಡಿದ. ಮರಳಿ ಬಂದಾಗ ದೊರೆ ಎರಡನೆಯ ಚಾರ್ಲ್ಸ್‌ನ ಆಜ್ಞೆಯಿಂದ ಪರೀಕ್ಷೆಯಿಲ್ಲದೆ ಎಂ.ಎ. ಪದವಿ ದೊರೆಯಿತು. 22ನೆಯ ವಯಸ್ಸಿಗೆ ರಾಯಲ್ ಸೊಸೈಟಿಯ ಸದಸ್ಯತ್ವವೂ ಒಲಿಯಿತು.

1682ರಲ್ಲಿ ಮೇರಿ ಟೂಕ್ ಎಂಬಾಕೆಯನ್ನು ವಿವಾಹವಾದ ಹ್ಯಾಲಿ ಇಸ್ಲಿಂಗ್ಟನ್‌ನಲ್ಲಿ ನೆಲೆಸಿದ. ಅದೇ ವರ್ಷ ಆಕಾಶದಲ್ಲಿ ಧೂಮಕೇತುವೊಂದು ಮೂಡಿತು. 25ರ ಹರೆಯದ ಹ್ಯಾಲಿ ಅದನ್ನು ಗಮನಿಸಿದ. ಮುಂದೊಂದು ದಿನ ಅದು ತನ್ನ ಹೆಸರನ್ನೇ ಹೊತ್ತು ತಿರುಗುವುದೆಂಬ ಕಲ್ಪನೆ ಅವನಿಗೆ ಬರುವಂತಿರಲಿಲ್ಲ.

ನ್ಯೂಟನ್‌ಗೆ ಬೆನ್ನೆಲುಬು

ಆ ಕಾಲದಲ್ಲಿ ಧೂಮಕೇತುವೆಂದರೆ ರಾಜನಿಗೆ ಕೇಡು, ನಾಡಿಗೆ ಬರ ಎಂಬ ಭಯ ನಮ್ಮಲ್ಲಿದ್ದಂತೆ ಯೂರೋಪಿನಲ್ಲೂ ಇತ್ತು. ವಿದ್ವಾಂಸರಿಗೂ ಅದರ ದಾರಿ ಒಗಟಾಗಿತ್ತು. 1607ರ ಧೂಮಕೇತುವನ್ನು ಕಣ್ಣಾರೆ ಕಂಡಿದ್ದ ಕೆಪ್ಲರ್ ಕೂಡ ಧೂಮಕೇತುಗಳು ನೇರ ಗೆರೆಯಲ್ಲಿ ಸಾಗುತ್ತವೆಂದೇ ನಂಬಿದ್ದ.

ಗ್ರಹಗಳನ್ನು ಸೂರ್ಯನ ಸುತ್ತ ತಿರುಗಿಸುವ ಬಲ ಯಾವುದು ಎಂಬ ಪ್ರಶ್ನೆಯನ್ನು ಹೊತ್ತು ಹ್ಯಾಲಿ 1684ರ ಆಗಸ್ಟ್‌ನಲ್ಲಿ ಕೇಂಬ್ರಿಡ್ಜ್‌ಗೆ ಹೋಗಿ ಐಸಾಕ್ ನ್ಯೂಟನ್‌ನನ್ನು ಕಂಡ. ಆ ಭೇಟಿಯ ಫಲವೇ 1687ರಲ್ಲಿ ಹೊರಬಂದ ಪ್ರಿನ್ಸಿಪಿಯಾ ಗ್ರಂಥ. ಮೀನುಗಳ ಕುರಿತ ದುಬಾರಿ ಪುಸ್ತಕವೊಂದನ್ನು ಅಚ್ಚು ಹಾಕಿಸಿ ಕೈ ಬರಿದು ಮಾಡಿಕೊಂಡಿದ್ದ ರಾಯಲ್ ಸೊಸೈಟಿಗೆ ಪ್ರಿನ್ಸಿಪಿಯಾ ಮುದ್ರಿಸಲು ಹಣವಿರಲಿಲ್ಲ. ಹ್ಯಾಲಿ ತನ್ನ ಕೈಯಿಂದ ಖರ್ಚು ಭರಿಸಿದ, ಕರಡು ತಿದ್ದಿದ. ರಾಬರ್ಟ್ ಹುಕ್ ಜತೆಗಿನ ಜಗಳದಿಂದ ಬೇಸತ್ತ ನ್ಯೂಟನ್ ಮೂರನೆಯ ಭಾಗವನ್ನೇ ಕೈಬಿಡಲು ಹೊರಟಾಗ ಸಮಾಧಾನಪಡಿಸಿದ. ಧೂಮಕೇತುಗಳ ಚಲನೆಯ ವಿವರಣೆ ಇದ್ದುದು ಆ ಮೂರನೆಯ ಭಾಗದಲ್ಲೇ.

24 ಧೂಮಕೇತುಗಳ ಲೆಕ್ಕ

1695ರ ಹೊತ್ತಿಗೆ ಹ್ಯಾಲಿ ಹಳೆಯ ದಾಖಲೆಗಳನ್ನು ಜಾಲಾಡತೊಡಗಿದ. ಧೂಮಕೇತು ಯಾವ ರಾತ್ರಿ ಯಾವ ನಕ್ಷತ್ರದ ಬಳಿ ಕಂಡಿತ್ತು ಎಂಬ ಟಿಪ್ಪಣಿಗಳೇ ಅವನ ಬಂಡವಾಳ. 1682ರ ಉತ್ತಮ ಅಳತೆಗಳು ಗ್ರೀನಿಚ್‌ನ ರಾಜ ಖಗೋಳಜ್ಞ ಜಾನ್ ಫ್ಲಾಮ್‌ಸ್ಟೀಡ್ ಬಳಿಯಿದ್ದವು. ಇಬ್ಬರ ನಡುವೆ ಮನಸ್ತಾಪವಿದ್ದುದರಿಂದ, ಅವುಗಳನ್ನು ತರಿಸಿಕೊಡುವಂತೆ ಹ್ಯಾಲಿ ನ್ಯೂಟನ್‌ನ ಮೊರೆ ಹೊಕ್ಕ.

ಭೂಮಿಯೂ ಚಲಿಸುತ್ತಿರುವುದರಿಂದ ಆಕಾಶದಲ್ಲಿ ಕಾಣುವ ದಾರಿ ಧೂಮಕೇತುವಿನ ನಿಜವಾದ ದಾರಿಯಲ್ಲ. ಪ್ರತಿ ರಾತ್ರಿಯ ಸ್ಥಾನದಿಂದ ಭೂಮಿಯ ಚಲನೆಯನ್ನು ಕಳೆದು, ಸೂರ್ಯನ ಸುತ್ತಲಿನ ಕಕ್ಷೆಯನ್ನು ಕಂಡುಕೊಳ್ಳಬೇಕು. ಬಹು ನೀಳವಾದ ದೀರ್ಘವೃತ್ತ ಸೂರ್ಯನ ಬಳಿ ಪರವಲಯದಂತೆಯೇ ಇರುತ್ತದೆ. ಆದ್ದರಿಂದ ಲೆಕ್ಕ ಸುಲಭವಾಗಲೆಂದು ಹ್ಯಾಲಿ ಪರವಲಯವನ್ನೇ ಬಳಸಿದ. ಕಕ್ಷೆಯ ಓರೆ, ಸೂರ್ಯನಿಗೆ ಅತಿ ಸಮೀಪದ ದೂರ, ಅಲ್ಲಿ ತಲುಪಿದ ದಿನ ಮುಂತಾದವನ್ನು 24 ಧೂಮಕೇತುಗಳಿಗೆ ಕೈಯಿಂದಲೇ ಲೆಕ್ಕ ಹಾಕಿದ.

ಆ ಪಟ್ಟಿಯಲ್ಲಿ 1531, 1607 ಮತ್ತು 1682ರ ಸಾಲುಗಳು ಬಹುತೇಕ ಒಂದೇ ಆಗಿದ್ದವು. ಮೂರರ ಓರೆಯೂ 17ರಿಂದ 18 ಡಿಗ್ರಿ. ಮೂರೂ ಗ್ರಹಗಳ ದಿಕ್ಕಿಗೆ ವಿರುದ್ಧವಾಗಿ ಸಾಗಿದ್ದವು. ತೊಡಕೊಂದಿತ್ತು. ಮೊದಲ ಅಂತರ 76 ವರ್ಷ ದಾಟಿದರೆ, ಎರಡನೆಯದು 75 ವರ್ಷವೂ ತುಂಬಿರಲಿಲ್ಲ. ಒಂದೇ ಕಾಯವಾದರೆ ಈ ವ್ಯತ್ಯಾಸವೇಕೆ? ದಾರಿಯಲ್ಲಿ ಗುರುಗ್ರಹದ ಸೆಳೆತ ಅದರ ವೇಗವನ್ನು ಏರುಪೇರು ಮಾಡುತ್ತದೆ ಎಂದು ಹ್ಯಾಲಿ ತರ್ಕಿಸಿದ. ಮೂರೂ ಒಂದೇ ಧೂಮಕೇತು, 1758ರಲ್ಲಿ ಅದು ಮರಳುತ್ತದೆ ಎಂದು 1705ರಲ್ಲಿ ಪ್ರಕಟಿಸಿದ.

ಆಗ ಆಕ್ಸ್‌ಫರ್ಡ್‌ನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾಗಿದ್ದ ಅವನ ವಯಸ್ಸು 48. ಆ ದಿನ ಕಾಣಬೇಕಾದರೆ 102 ವರ್ಷ ಬದುಕಬೇಕಿತ್ತು. ಲೆಕ್ಕ ತಪ್ಪಿದರೆ ಸಮರ್ಥಿಸಿಕೊಳ್ಳಲು ಅವನಿರುವುದಿಲ್ಲ. ನ್ಯೂಟನ್‌ನ ಸಿದ್ಧಾಂತದ ಮೇಲೂ ಸಂಶಯ ಮೂಡುವುದು ಖಂಡಿತ. ಮರಳಿ ಬಂದದ್ದೇ ಆದರೆ, ಅದನ್ನು ಮೊದಲು ಕಂಡುಕೊಂಡವನು ಒಬ್ಬ ಆಂಗ್ಲನೆಂಬುದನ್ನು ಮುಂದಿನವರು ಒಪ್ಪಿಕೊಳ್ಳಲಿ ಎಂಬುದಷ್ಟೇ ಅವನ ಕೋರಿಕೆಯಾಗಿತ್ತು. 1720ರಲ್ಲಿ ಫ್ಲಾಮ್‌ಸ್ಟೀಡ್‌ನ ಸ್ಥಾನಕ್ಕೆ ರಾಜ ಖಗೋಳಜ್ಞನಾಗಿ ನೇಮಕಗೊಂಡ ಹ್ಯಾಲಿ, 63ರ ವಯಸ್ಸಿನಲ್ಲಿ ಚಂದ್ರನ ಚಲನೆಯ 18 ವರ್ಷಗಳ ವೀಕ್ಷಣೆಯನ್ನು ಕೈಗೆತ್ತಿಕೊಂಡ. 1742ರ ಜನವರಿಯಲ್ಲಿ, 85ನೆಯ ವಯಸ್ಸಿನಲ್ಲಿ ನಿಧನನಾದ.

ಸಾವಿನ ನಂತರದ ಗೆಲುವು

1758 ಹತ್ತಿರವಾದಂತೆ ಫ್ರಾನ್ಸ್‌ನಲ್ಲಿ ಕುತೂಹಲ ಹೆಚ್ಚಿತು. ಗಣಿತಜ್ಞ ಅಲೆಕ್ಸಿ ಕ್ಲೆರೋ, ಖಗೋಳಜ್ಞ ಲಲಾಂಡ್ ಹಾಗೂ ನಿಕೋಲ್-ರೇನ್ ಲಪೋಟ್ ಎಂಬ ಮಹಿಳೆ ಸೇರಿ ತಿಂಗಳುಗಟ್ಟಲೆ ಬೆಳಗಿನಿಂದ ಇರುಳಿನವರೆಗೆ ಲೆಕ್ಕಕ್ಕೆ ಕುಳಿತರು. ಗುರು ಮತ್ತು ಶನಿ ಗ್ರಹಗಳ ಸೆಳೆತದಿಂದ ಧೂಮಕೇತು 618 ದಿನ ತಡವಾಗುತ್ತದೆ, 1759ರ ಏಪ್ರಿಲ್ ಮಧ್ಯಭಾಗದಲ್ಲಿ ಸೂರ್ಯನ ಬಳಿ ಬರುತ್ತದೆ, ಒಂದು ತಿಂಗಳಷ್ಟು ಹೆಚ್ಚುಕಡಿಮೆಯಾಗಬಹುದು ಎಂದು ಕ್ಲೆರೋ ಘೋಷಿಸಿದ.

1758ರ ಡಿಸೆಂಬರ್ 25ರ ರಾತ್ರಿ ಜರ್ಮನಿಯ ಡ್ರೆಸ್ಡೆನ್ ಬಳಿಯ ಯೋಹಾನ್ ಪಾಲಿಟ್ಸ್ ಎಂಬ ರೈತ ತನ್ನ ದೂರದರ್ಶಕದಲ್ಲಿ ಮಸುಕಾದ ಚುಕ್ಕೆಯೊಂದನ್ನು ಗುರುತಿಸಿದ. ಧೂಮಕೇತು ಹ್ಯಾಲಿ ಹೇಳಿದ ವರ್ಷವೇ ಮರಳಿತ್ತು. 1759ರ ಮಾರ್ಚ್ 13ರಂದು ಅದು ಸೂರ್ಯನಿಗೆ ಅತಿ ಸಮೀಪವಾಯಿತು. ಗ್ರಹಗಳನ್ನು ಆಳುವ ನಿಯಮವೇ ಧೂಮಕೇತುವನ್ನೂ ಆಳುತ್ತದೆ ಎಂಬುದು ಜಗತ್ತಿಗೆ ಸಾಬೀತಾಯಿತು. ಹ್ಯಾಲಿಯ ಹೆಸರು ಅದಕ್ಕೆ ಅಂಟಿತು.

ಲೆಕ್ಕಕ್ಕೆ ಸುಲಭವಾಗಿ ಸಿಗದ ಬೆಳಕು

ಸ್ಥಾನವನ್ನು ಹೇಳಿದಷ್ಟು ನಿಖರವಾಗಿ ಧೂಮಕೇತುವಿನ ಪ್ರಕಾಶವನ್ನು ಹೇಳಲಾಗದು. ಸೂರ್ಯನ ಶಾಖಕ್ಕೆ ಹಿಮ ಆವಿಯಾಗಿ, ಅನಿಲ ಮತ್ತು ಧೂಳು ಹೊಮ್ಮಿದಂತೆ ಅದರ ಬೆಳಕು ಏರುತ್ತದೆ. ಭೂಮಿ ಎಲ್ಲಿದೆ ಎಂಬುದರ ಮೇಲೂ ನೋಟ ಅವಲಂಬಿಸಿದೆ. 1910ರಲ್ಲಿ ಹ್ಯಾಲಿ ಧೂಮಕೇತು ಬರಿಗಣ್ಣಿಗೆ ಭವ್ಯವಾಗಿ ಕಂಡಿತು. 1986ರ ಫೆಬ್ರವರಿಯಲ್ಲಿ ಅದು ಸೂರ್ಯನನ್ನು ಸುತ್ತುವಾಗ ಭೂಮಿ ಸೂರ್ಯನ ಆಚೆ ಬದಿಯಲ್ಲಿತ್ತು. ನಗರದ ದೀಪಗಳ ನಡುವೆ ಅದನ್ನು ಕಾಣುವುದೇ ಕಷ್ಟವಾಯಿತು. ಆದರೆ ಆ ವರ್ಷದ ಮಾರ್ಚ್‌ನಲ್ಲಿ ಯೂರೋಪಿನ ಜಿಯೊಟ್ಟೊ ನೌಕೆ ಸುಮಾರು 600 ಕಿ.ಮೀ. ಸಮೀಪಕ್ಕೆ ಹೋಗಿ ಅದರ ಕಪ್ಪನೆಯ ಗರ್ಭದ ಚಿತ್ರ ತೆಗೆಯಿತು. ನೌಕೆಯನ್ನು ಅಲ್ಲಿಗೆ ತಲುಪಿಸಲು ನೆರವಾದದ್ದು ನಿಖರವಾದ ಕಕ್ಷೆಯ ಲೆಕ್ಕ.

2061ರಲ್ಲಿ ಭೂಮಿ ಮತ್ತು ಧೂಮಕೇತು ಸೂರ್ಯನ ಒಂದೇ ಬದಿಯಲ್ಲಿರಲಿವೆ. ನೋಟ ಚೆನ್ನಾಗಿರುವ ನಿರೀಕ್ಷೆಯಿದೆ. ಇಂದಿನ ಮಕ್ಕಳು ಅದನ್ನು ಕಾಣುತ್ತಾರೆ. ಇಂದು ಲೆಕ್ಕ ಹಾಕುತ್ತಿರುವ ಹಿರಿಯರಲ್ಲಿ ಅನೇಕರು ಹ್ಯಾಲಿಯಂತೆಯೇ ಅದನ್ನು ಮುಂದಿನವರಿಗೆ ಬಿಟ್ಟುಹೋಗುತ್ತಾರೆ.