ಶಿವಯೋಗಿ ಸಿದ್ಧರಾಮೇಶ್ವರರು ಮತ್ತು ಕೋಪನಿಗ್ರಹ

ಅಲ್ಪವಾದೊಂದು ಮಾತು ಕಲಹವಾಗಿ, ಕಲಹವು ಹೊಡೆದಾಟವಾಗಿ, ಹೊಡೆದಾಟವು ಮನೆತನಗಳನ್ನೇ ಹಾಳುಗೆಡಹುವುದು ಲೋಕದಲ್ಲಿ ನಿತ್ಯವೂ ಕಾಣುವ ಸಂಗತಿ. ಬದುವಿನ ಗೇಣು ನೆಲ, ಕೆರೆಯ ತೂಬಿನ ನೀರಿನ ಸರದಿ, ಬೇಲಿ ಹಾರಿದ ಹೋರಿ, ಇವುಗಳಲ್ಲೊಂದು ನೆವವಾದರೆ ಸಾಕು. ನಷ್ಟವು ನಾಲ್ಕು ಸೇರು ಕಾಳಿನದು. ಅದಕ್ಕಾಗಿ ತೆರುವುದು ಪ್ರಾಣವನ್ನು. ಈ ದುರಂತವನ್ನು ತಡೆಯಲು ದೊಡ್ಡ ಶಾಸ್ತ್ರಜ್ಞಾನವು ಬೇಕಾಗಿಲ್ಲ. ಸಕಾಲದಲ್ಲಿ ಎಚ್ಚತ್ತ ಸಾಮಾನ್ಯ ವಿವೇಕವೊಂದಿದ್ದರೆ ಸಾಕೆಂಬುದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯೇ ನಿದರ್ಶನವಾಗಿದೆ.

ಸಿದ್ಧರಾಮರು ೧೨ನೆಯ ಶತಮಾನದವರು. ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ತಂದೆ ಮುದ್ದಗೌಡ, ತಾಯಿ ಸುಗ್ಗವ್ವೆ. ರೇವಣಸಿದ್ಧರ ಆಶೀರ್ವಾದದಿಂದ ಹುಟ್ಟಿದ ಶಿಶುವೆಂದು ಪುರಾಣಗಳು ಹೇಳುತ್ತವೆ. ಬಾಲ್ಯದಲ್ಲಿ ಮಾತು ಕಡಿಮೆ. ನೋಡಿದವರು ಮಂದಮತಿಯೆಂದೇ ಭಾವಿಸಿದರು. ದನಗಾಹಿಯಾಗಿದ್ದ ಈ ಬಾಲಕನ ಬಳಿಗೆ ಮಲ್ಲಿಕಾರ್ಜುನನು ಜಂಗಮರೂಪದಿಂದ ಬಂದು ಮಜ್ಜಿಗೆಯನ್ನವನ್ನು ಬೇಡಿದನೆಂದೂ, ಬಾಲಕನು ಮನೆಗೆ ಓಡಿ ಅದನ್ನು ತರುವಷ್ಟರಲ್ಲಿ ಜಂಗಮನು ಕಾಣದಾದನೆಂದೂ, ಅವನನ್ನರಸಿ ಶ್ರೀಶೈಲದವರೆಗೆ ಹೋದ ಬಾಲಕನಿಗೆ ಅಲ್ಲಿ ಸಾಕ್ಷಾತ್ಕಾರವಾಯಿತೆಂದೂ ರಾಘವಾಂಕ ಕವಿಯು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೃದಯಂಗಮವಾಗಿ ವರ್ಣಿಸಿರುವನು.

ಸ್ವಗ್ರಾಮಕ್ಕೆ ಮರಳಿದ ಸಿದ್ಧರಾಮರು ಸೊನ್ನಲಿಗೆಯನ್ನು ಎರಡನೆಯ ಶ್ರೀಶೈಲವನ್ನಾಗಿಸಲು ಕಂಕಣ ಕಟ್ಟಿದರು. ಲಿಂಗಗಳನ್ನು ಪ್ರತಿಷ್ಠಿಸಿದರು, ಕೆರೆಯನ್ನು ಕಟ್ಟಿಸಿದರು. ಸೊಲ್ಲಾಪುರದಲ್ಲಿ ಅವರು ಸ್ಥಾಪಿಸಿದುವೆಂದು ಪ್ರಸಿದ್ಧವಾದ ೬೮ ಲಿಂಗಗಳಿಗೆ ಮಕರಸಂಕ್ರಾಂತಿಯ ಜಾತ್ರೆಯ ಕಾಲದಲ್ಲಿ ಇಂದಿಗೂ ಪೂಜೆ ಸಲ್ಲುತ್ತದೆ. ಮಣ್ಣು ಹೊರುವವರು, ಕಲ್ಲು ಒಡೆಯುವವರು, ಭಕ್ತರು, ಶಿಷ್ಯರು, ಹೀಗೆ ಬಹುಜನರ ಬೆವರಿನಿಂದ ಆ ಕೆರೆಯು ತುಂಬಿತು. ಅವರಿಗೆಲ್ಲ ಸಿದ್ಧರಾಮರೇ ಗುರು, ಸಿದ್ಧರಾಮರೇ ದೈವ.

ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದುದು ಈ ಸಮಯದಲ್ಲಿಯೇ. ಆ ಪ್ರಸಂಗವನ್ನು ಶೂನ್ಯಸಂಪಾದನೆಗಳು ವಿಸ್ತಾರವಾಗಿ ಹೇಳುತ್ತವೆ. ಕೆರೆಯ ಕೆಲಸದಲ್ಲಿ ತೊಡಗಿದ್ದವರನ್ನು ಕಂಡು ಪ್ರಭುದೇವರು ಅವರ ಗುರುವನ್ನು ಒಡ್ಡರ ರಾಮನೆಂದು ಕರೆದು, ಆತನೆಲ್ಲಿರುವನೆಂದು ಕೇಳಿದರು. ಕಿವಿಗೆ ಬಿದ್ದುದು ಒಂದೇ ಮಾತು. ಕೇಳಿದವರು ಕೆರಳಿದರು. ಬಂದವನಾರು, ಏಕೆ ಹೀಗೆಂದನು ಎಂದು ವಿಚಾರಿಸುವ ತಾಳ್ಮೆ ಒಬ್ಬರಲ್ಲಿಯೂ ಉಳಿಯಲಿಲ್ಲ. ಕೆರೆಯ ಏರಿಗೆಂದು ತಂದ ಕಲ್ಲುಗಳೇ ಆಯುಧಗಳಾದುವು. ಸುದ್ದಿ ತಿಳಿದು ಸಿದ್ಧರಾಮರೂ ಕುಪಿತರಾಗಿಯೇ ಬಂದರು; ಅವರ ಹಣೆಗಣ್ಣಿನಿಂದ ಉರಿ ಹೊಮ್ಮಿತೆಂದು ಕಥೆಯು ಹೇಳುತ್ತದೆ. ಆದರೆ ಕಲ್ಲುಗಳು ಪ್ರಭುದೇವರನ್ನು ನೋಯಿಸಲಿಲ್ಲ, ಉರಿಯು ಸುಡಲಿಲ್ಲ. ಅವರು ಕಲ್ಲಿಗೆ ಕಲ್ಲನ್ನೆತ್ತದೆ, ಸಿಟ್ಟಿಗೆ ಸಿಟ್ಟನ್ನು ತೋರದೆ ನಿಂತಿದ್ದರು.

ಸಿದ್ಧರಾಮರ ಹಿರಿಮೆಯು ಬೆಳಗಿದುದು ಇಲ್ಲಿ. ಎದುರಾಳಿಯು ಕದಲದಿರುವುದನ್ನು ಕಂಡ ಅಲ್ಪರು ಇನ್ನಷ್ಟು ಕೆರಳುತ್ತಾರೆ, ಸಿದ್ಧರಾಮರಾದರೋ ವಿಚಾರಕ್ಕಿಳಿದರು. ಶಿಷ್ಯರ ಮುಂದೆ ತಲೆಬಾಗಿದರೆ ಮಾನ ಹೋದೀತೆಂದು ಅವರು ಅಂಜಲಿಲ್ಲ. ಹೊಡೆಯಬಂದವರು ಪ್ರಶ್ನೆ ಕೇಳುವವರಾದರು. ಜಗಳವಾಗಬೇಕಾಗಿದ್ದುದು ಅನುಭಾವದ ಸಂವಾದವಾಯಿತು. ಕೆರೆ ದೇಗುಲಗಳನ್ನು ಕಟ್ಟಿಸಿದೆನೆಂಬ ಅಭಿಮಾನವು ಒಳಗೆ ಅಡಗಿದ್ದಿತೆಂಬುದನ್ನೂ, ಪ್ರಭುದೇವರ ಮಾತು ತಾಗಿದುದು ಆ ಅಭಿಮಾನಕ್ಕೆಂಬುದನ್ನೂ ಅವರು ಅರಿತುಕೊಂಡರು.

ವಿಚಾರಿಸಿದರೆ, ಆ ಮಾತಿನಲ್ಲಿ ಅವಮಾನವೇನಿತ್ತು? ಮಣ್ಣು ಹೊತ್ತು ಕೆರೆ ಕಟ್ಟುವುದು ಹೀನವಲ್ಲ. ಕಾಯಕವನ್ನು ಕೈಲಾಸವೆಂದು ಬಗೆದ ಶರಣರಿಗೆ ಅದು ಭೂಷಣವೇ ಸರಿ. ಮಾತನ್ನು ಕೇಳಿದವರು ಅದರ ಅರ್ಥವನ್ನು ಒಂದು ಕ್ಷಣ ತೂಗಿ ನೋಡಿದ್ದರೆ ಒಂದು ಕಲ್ಲೂ ಏಳುತ್ತಿರಲಿಲ್ಲ. ಅಂದು ಬೈಗುಳವೆಂದು ತೋರಿದ ಆ ಸಂಬಂಧವನ್ನು ಇಂದು ಭೋವಿ ಸಮಾಜದವರು ಹೆಮ್ಮೆಯಿಂದ ಹೇಳಿಕೊಂಡು, ಸಿದ್ಧರಾಮರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಿರುವರು.

ಇಲ್ಲಿ ಇನ್ನೊಂದು ಎಚ್ಚರವೂ ಅವಶ್ಯ. ಪ್ರಭುದೇವರ ಕಟುವಚನವು ರೋಗವರಿತ ವೈದ್ಯನ ಮದ್ದು. ಅವರಂತೆ ಕಲ್ಲನ್ನು ಸೈರಿಸಲಾರದವರು ಅವರಂತೆ ಕಟುವಾಗಿ ನುಡಿಯಹೋಗಬಾರದು. ಸಾಮಾನ್ಯರ ತಲೆಯನ್ನು ಕಲ್ಲು ಉಳಿಸುವುದಿಲ್ಲ. ಆಡುವವನು ಅಳೆದು ಆಡಬೇಕು. ಕೇಳುವವನು ಕೈಯೆತ್ತುವ ಮೊದಲು ಮತ್ತೊಮ್ಮೆ ಕೇಳಬೇಕು. ಊರಿನ ಹಿರಿಯನು ತನ್ನವರ ಸಿಟ್ಟಿಗೆ ಗಾಳಿ ಹಾಕದೆ ಮೊದಲು ತಾನು ತಣ್ಣಗಾಗಬೇಕು. ಈ ಮೂವರಲ್ಲಿ ಒಬ್ಬನು ವಿವೇಕಿಯಾದರೂ ಜಗಳವು ಅಲ್ಲಿಗೇ ನಿಲ್ಲುತ್ತದೆ. ಸೊನ್ನಲಿಗೆಯಲ್ಲಿ ಕಲ್ಲೆತ್ತಿದವರು ನೂರಾರು ಮಂದಿಯಿದ್ದರೂ, ಅವರ ಹಿರಿಯನೊಬ್ಬನು ಶಾಂತನಾದೊಡನೆ ಎಲ್ಲರ ಕೈಗಳೂ ತಾವಾಗಿ ಕೆಳಗಿಳಿದುವು.

ತರುವಾಯ ಸಿದ್ಧರಾಮರು ಪ್ರಭುದೇವರೊಡನೆ ಕಲ್ಯಾಣಕ್ಕೆ ಹೋಗಿ, ಬಸವಣ್ಣನವರ ಅನುಭವಮಂಟಪದ ಶರಣರೊಡನೆ ಬೆರೆತರು. ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರೆಂದೂ, ಮುಂದೆ ಶೂನ್ಯಸಿಂಹಾಸನವನ್ನೇರಿದರೆಂದೂ ಪರಂಪರೆಯು ಹೇಳುತ್ತದೆ. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ಅವರು ರಚಿಸಿದ ವಚನಗಳು ವಿಪುಲವಾಗಿ ದೊರೆತಿವೆ. ಕೊನೆಗೆ ಅವರು ಸೊನ್ನಲಿಗೆಯಲ್ಲಿಯೇ ಸಮಾಧಿಸ್ಥರಾದರು. ಕೆರೆಯ ನೀರಿನ ನಡುವೆ ಇಂದಿಗೂ ಅವರ ದೇವಾಲಯವು ಶೋಭಿಸುತ್ತಿದೆ. ಅಂದು ಎಸೆಯಲೆಂದು ಎತ್ತಿದ ಕಲ್ಲುಗಳು ಮರಳಿ ಏರಿಗೆ ಸೇರಿದುದರಿಂದಲೇ ಆ ಕೆರೆಯು ಪೂರ್ಣವಾಯಿತು. ಕಟ್ಟುವ ಕೈಗೆ ಕಲ್ಲು ಬೇಕು. ಆ ಕೈಯನ್ನಾಳುವ ಮನಸ್ಸಿಗೆ ವಿವೇಕ ಬೇಕು. ಇದನ್ನರಿತು ನಡೆಯುವ ಊರಿನಲ್ಲಿ ಶಿವನು ನೆಲಸಿರುವನು.