ಒಂಬತ್ತು ದಿನದ ರಾಣಿಯ ಗಂಡ: ಒಂಬತ್ತು ತಿಂಗಳೂ ತುಂಬದ ದಾಂಪತ್ಯ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಫ್ರೆಂಚ್ ಕಲಾವಿದ ಪಾಲ್ ಡೆಲರೋಶ್ 1833ರಲ್ಲಿ ರಚಿಸಿದ ದೊಡ್ಡ ವರ್ಣಚಿತ್ರವೊಂದಿದೆ. ಬಿಳಿ ಉಡುಪಿನ ಹುಡುಗಿಯೊಬ್ಬಳ ಕಣ್ಣಿಗೆ ಬಟ್ಟೆ ಕಟ್ಟಲಾಗಿದೆ. ತಲೆ ಇಡಬೇಕಾದ ಮರದ ದಿಮ್ಮಿ ಎಲ್ಲಿದೆ ಎಂದು ಆಕೆ ಕೈಚಾಚಿ ತಡಕಾಡುತ್ತಿದ್ದಾಳೆ. ಪಕ್ಕದಲ್ಲೇ ಕೊಡಲಿ ಹಿಡಿದವನು ಕಾಯುತ್ತಿದ್ದಾನೆ. ಆಕೆ ಲೇಡಿ ಜೇನ್ ಗ್ರೇ, ಇಂಗ್ಲೆಂಡಿನ ಒಂಬತ್ತು ದಿನದ ರಾಣಿ. ಚಿತ್ರದಲ್ಲಿ ಆಕೆಯ ಗಂಡ ಇಲ್ಲ. ಅಷ್ಟರಲ್ಲಾಗಲೇ ಅವನ ಪ್ರಾಣ ಹೋಗಿತ್ತು.

ಆತನ ಹೆಸರು ಲಾರ್ಡ್ ಗಿಲ್ಡ್‌ಫರ್ಡ್ ಡಡ್ಲಿ. ನಾರ್ಥಂಬರ್ಲೆಂಡಿನ ಡ್ಯೂಕ್ ಜಾನ್ ಡಡ್ಲಿಯ ಕಿರಿಯ ಮಕ್ಕಳಲ್ಲೊಬ್ಬ. ಬಾಲಕ ದೊರೆ ಆರನೇ ಎಡ್ವರ್ಡ್ ಹೆಸರಿಗೆ ರಾಜನಾದರೂ ಆಡಳಿತದ ಹಿಡಿತ ಇದ್ದದ್ದು ಈ ಡ್ಯೂಕ್ ಕೈಯಲ್ಲಿ.

ಒಂದೇ ದಿನ ಮೂರು ಮದುವೆ

1553ರ ಮೇ ತಿಂಗಳಲ್ಲಿ ಲಂಡನ್ನಿನ ಡರ್ಹಾಮ್ ಹೌಸ್‌ನಲ್ಲಿ ಗಿಲ್ಡ್‌ಫರ್ಡ್ ಮತ್ತು ಜೇನ್ ಮದುವೆಯಾದರು. ಅದೇ ದಿನ ಅವನ ತಂಗಿಗೂ ಅವಳ ತಂಗಿಗೂ ದೊಡ್ಡ ಮನೆತನದ ವರರೊಂದಿಗೆ ಮದುವೆ ನಡೆಯಿತು. ಎಲ್ಲವೂ ಹಿರಿಯರು ಕೂತು ಹೊಂದಿಸಿದ ಸಂಬಂಧ. ಜೇನ್ ಎಂಟನೇ ಹೆನ್ರಿಯ ತಂಗಿಯ ಮೊಮ್ಮಗಳು. ಗ್ರೀಕ್, ಲ್ಯಾಟಿನ್ ಓದುತ್ತಿದ್ದ ಜಾಣೆ, ವಯಸ್ಸು 16ರ ಆಸುಪಾಸು. ಗಿಲ್ಡ್‌ಫರ್ಡ್ ಕೂಡ ಇನ್ನೂ ಹದಿಹರೆಯದ ಹುಡುಗ.

ಅಷ್ಟರಲ್ಲಿ ಎಡ್ವರ್ಡ್ ಹಾಸಿಗೆ ಹಿಡಿದಿದ್ದ. ಪ್ರಾಟೆಸ್ಟೆಂಟ್ ಆಗಿದ್ದ ಆತನಿಗೆ ಕ್ಯಾಥೊಲಿಕ್ ಅಕ್ಕ ಮೇರಿ ಪಟ್ಟಕ್ಕೆ ಬರುವುದು ಬೇಕಿರಲಿಲ್ಲ. ಮೇರಿ, ಎಲಿಜಬೆತ್ ಇಬ್ಬರನ್ನೂ ಬದಿಗೊತ್ತಿ ಕಿರೀಟವನ್ನು ಜೇನ್ ಹೆಸರಿಗೆ ಬರೆದ. ಜುಲೈ 6ರಂದು ತೀರಿಕೊಂಡ. ಜುಲೈ 10ರಂದು ಜೇನ್ ರಾಣಿ ಎಂದು ಡಂಗುರ ಸಾರಲಾಯಿತು.

ರಾಜನಾಗಲು ಹೊರಟವನು

ಹೆಂಡತಿ ರಾಣಿಯಾದ ಮೇಲೆ ತಾನು ರಾಜ ಎಂಬುದು ಗಿಲ್ಡ್‌ಫರ್ಡ್ ಲೆಕ್ಕಾಚಾರ. ಆದರೆ ಜೇನ್ ಒಪ್ಪಲಿಲ್ಲ. ಬೇಕಿದ್ದರೆ ಡ್ಯೂಕ್ ಪದವಿ ಕೊಡುತ್ತೇನೆ, ಕಿರೀಟ ಮಾತ್ರ ಇಲ್ಲ ಎಂದಳು. ಅತ್ತೆ ಸಿಡಿದೆದ್ದು, ಸೊಸೆಯನ್ನು ಬಿಟ್ಟು ಬಾ ಎಂದು ಮಗನಿಗೆ ಹೇಳಿಕೊಟ್ಟಳು. ಹೊರಟುನಿಂತ ಗಂಡನನ್ನು ಜೇನ್ ತನ್ನ ಆಳುಗಳಿಂದ ತಡೆಸಿದಳು. ಅರಮನೆಯಲ್ಲಿ ರಾಣಿಯ ಗಂಡನಿಲ್ಲದಿದ್ದರೆ ಜನ ಏನೆಂದಾರು? ಈ ದಂಪತಿಯ ಬಗ್ಗೆ ಉಳಿದಿರುವ ಅತಿ ಸ್ಪಷ್ಟ ಕಥೆ ಈ ಜಗಳದ್ದೇ.

ಇತ್ತ ಜನಬೆಂಬಲ ಮೇರಿಯತ್ತ ವಾಲಿತು. ಜುಲೈ 19ರಂದು ರಾಜಸಭೆಯೇ ನಿಷ್ಠೆ ಬದಲಿಸಿ ಮೇರಿಯನ್ನು ರಾಣಿ ಎಂದು ಘೋಷಿಸಿತು. ಲಂಡನ್ ಟವರ್ ಅರಮನೆಯೂ ಹೌದು, ಸೆರೆಮನೆಯೂ ಹೌದು. ಹಾಗಾಗಿ ದಂಪತಿ ಇದ್ದಲ್ಲೇ ಕೈದಿಗಳಾದರು, ಅದೂ ಬೇರೆ ಬೇರೆಯಾಗಿ. ಆಗಸ್ಟ್ 22ರಂದು ಗಿಲ್ಡ್‌ಫರ್ಡ್ ತಂದೆಯ ತಲೆ ಕಡಿಯಲಾಯಿತು.

ಮಾವ ಮಾಡಿದ ತಪ್ಪು

ನವೆಂಬರ್ 13ರಂದು ಗಿಲ್ಡ್‌ಹಾಲ್‌ನಲ್ಲಿ ವಿಚಾರಣೆ ನಡೆದು ಇಬ್ಬರಿಗೂ ಮರಣದಂಡನೆ ವಿಧಿಸಲಾಯಿತು. ಆದರೆ ಮೇರಿಗೆ ಅದನ್ನು ಜಾರಿ ಮಾಡುವ ಆತುರವಿರಲಿಲ್ಲ. ಸುಮ್ಮನಿದ್ದಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದರೇನೋ.

1554ರ ಆರಂಭದಲ್ಲಿ, ಸ್ಪೇನಿನ ಫಿಲಿಪ್ ಜೊತೆ ಮೇರಿಯ ಮದುವೆಯನ್ನು ವಿರೋಧಿಸಿ ಥಾಮಸ್ ವಯಟ್ ದಂಗೆ ಎದ್ದ. ಜೇನ್ ತಂದೆಯೂ ಅದರಲ್ಲಿ ಕೈಜೋಡಿಸಿದ. ದಂಗೆ ಅಡಗಿತು. ಆದರೆ ಈ ಇಬ್ಬರು ಜೀವಂತ ಇರುವವರೆಗೆ ಸಿಂಹಾಸನಕ್ಕೆ ಅಪಾಯ ತಪ್ಪಿದ್ದಲ್ಲ ಎಂಬ ವಾದ ಗೆದ್ದಿತು. ಸೆರೆಯಲ್ಲಿದ್ದ ಗಿಲ್ಡ್‌ಫರ್ಡ್‌ಗೂ ಜೇನ್‌ಗೂ ಆ ದಂಗೆಯಲ್ಲಿ ಯಾವ ಪಾತ್ರವೂ ಇರಲಿಲ್ಲ.

ಸಾಯುವ ಮುನ್ನ ಹೆಂಡತಿಯನ್ನೊಮ್ಮೆ ನೋಡಬೇಕು ಎಂದು ಗಿಲ್ಡ್‌ಫರ್ಡ್ ಕೇಳಿಕೊಂಡ. ಮೇರಿ ಅನುಮತಿ ಕೊಟ್ಟಳು. ಬೇಡ ಎಂದದ್ದು ಜೇನ್. ಈಗ ಭೇಟಿಯಾದರೆ ಇಬ್ಬರ ಸಂಕಟವೂ ಹೆಚ್ಚುತ್ತದೆ, ಪರಲೋಕದಲ್ಲಿ ಹೇಗೂ ಸೇರುತ್ತೇವೆ ಎಂಬುದು ಆಕೆಯ ಉತ್ತರವಾಗಿತ್ತು.

1554ರ ಫೆಬ್ರವರಿ 12ರ ಬೆಳಿಗ್ಗೆ ಟವರ್ ಹಿಲ್‌ನಲ್ಲಿ ಜನಸಂದಣಿಯ ಎದುರು ಗಿಲ್ಡ್‌ಫರ್ಡ್ ಕೊಡಲಿಗೆ ತಲೆಯೊಡ್ಡಿದ. ಗಾಡಿಯಲ್ಲಿ ವಾಪಸ್ ತಂದ ಆತನ ಶವ ಜೇನ್ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತಿನಲ್ಲೇ, ಕೋಟೆಯೊಳಗಿನ ಟವರ್ ಗ್ರೀನ್‌ನಲ್ಲಿ ಆಕೆಯ ಸರದಿ ಬಂತು. ಇಬ್ಬರನ್ನೂ ಅಲ್ಲೇ ಇರುವ ಸೇಂಟ್ ಪೀಟರ್ ಚಾಪೆಲ್‌ನಲ್ಲಿ ಹೂಳಲಾಯಿತು.

ಟವರಿನ ಬೋಶಾಂಪ್ ಗೋಪುರದ ಗೋಡೆಯಲ್ಲಿ ಜೇನ್ ಎಂಬ ಹೆಸರಿನ ಕೆತ್ತನೆ ಇಂದಿಗೂ ಕಾಣುತ್ತದೆ. ಅದು ಗಿಲ್ಡ್‌ಫರ್ಡ್ ಕೆಲಸ, ಅಥವಾ ಅಲ್ಲೇ ಸೆರೆಯಲ್ಲಿದ್ದ ಆತನ ಅಣ್ಣತಮ್ಮಂದಿರದ್ದು ಎಂದು ನಂಬಲಾಗಿದೆ. ಆ ಹುಡುಗನ ಹೆಸರು ಚರಿತ್ರೆಯಲ್ಲಿ ಉಳಿದಿರುವುದೂ ಆ ಒಂದು ಹೆಸರಿನ ಪಕ್ಕದಲ್ಲೇ.